ಕೋಳಿಗೆ ಹಾಕೋ ಐಬಿ ಲಸಿಕಿನೂ ಕೊರೋನಾನ ಅಂತಾರಲ್ರಿ, ಹಂಗಾದ್ರ ಅದು ನಮಗ ಯಾಕ ಬರಂಗಿಲ್ಲ?

ರಾಣೇಬೆನ್ನೂರು_ಲೇಯರ್

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ರಾಣೇಬೆನ್ನೂರು ತಾಲೂಕಿನ್ಯಾಗ ಸಣ್ಣ ಲೇಯರ್ ಫಾರಂ ಐತಿ, ತತ್ತಿ ಕೋಳಿದು. ಮರಿಗೆ ರಾಣಿಖೇತ, ಗಂಬೊರೊ, ಐಬಿ ಎಲ್ಲಾ ಲಸಿಕಿ ಟೈಮ್ ಟೈಮಿಗೆ ಹಾಕ್ತೀವಿ, ಮದಲಿಂದ ಮಾಡ್ಕೋತ ಬಂದಿದ್ದ ಕೆಲಸ. ಮೊನ್ನೆ ಲಸಿಕಿ ತರಾಕ ಹೋದಾಗ ಅಂಗಡ್ಯಾಗ ಒಬ್ರು ಐಬಿ ಅಂದ್ರ ಕೋಳಿ ಕೊರೋನಾನ ಅಂದ್ರು. ಚಾಷ್ಟಿ ಮಾಡಾಕತ್ತಾರ ಅನ್ಕೊಂಡೆ, ಆಮ್ಯಾಲೆ ಮೊಬೈಲಿನ್ಯಾಗ ಹುಡುಕಿ ನೋಡಿದ್ರ ಖರೇನ ಐತಿ, ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ವೈರಸ್ಸು ಕೊರೋನಾ ಜಾತಿದ ಅಂತ ಬರದಾರ.

ಈಗ ಶೆಡ್ಡಿನ್ಯಾಗ ಕೆಲಸ ಮಾಡೋ ಹುಡುಗ್ರಿಗೆ ಈ ಸುದ್ದಿ ಗೊತ್ತಾಗಿ ಅವರು ಬಾಟ್ಲಿ ಮುಟ್ಟಾಕ ಅಂಜಾಕತ್ತಾರ, ಯಾಕಂದ್ರ ಅದು ಜೀವಂತ ಲಸಿಕಿ, ಬಾಟ್ಲಿ ಮ್ಯಾಲೆನ ಲೈವ್ ಅಂತ ಬರದಿರ್ತೈತಿ. ಅವರಿಗೆ ಏನೂ ಆಗಂಗಿಲ್ಲ ತಗೀರಿ ಅಂದ್ರ ಅದು ಉತ್ತರ ಅಲ್ಲ. 2020ರ ಫೆಬ್ರವರಿ-ಮಾರ್ಚಿನ್ಯಾಗ ಕೋಳಿ ತಿಂದ್ರ ಕೊರೋನಾ ಬರ್ತೈತಿ ಅಂತ ವಾಟ್ಸಾಪಿನ್ಯಾಗ ಸುದ್ದಿ ಹಬ್ಬಿ ಕೋಳಿ ಸಾಕೋ ಮಂದಿ ಎಷ್ಟು ಹಾಳಾಗಿ ಹೋದ್ರು ಅನ್ನೋದು ಇಲ್ಲಿದ್ದವರಿಗೆ ನೆನಪಿರ್ತೈತಿ, ಮಾರಿ ಬರೋ ರೊಕ್ಕಕ್ಕಿಂತ ಫೀಡಿನ ಖರ್ಚ ಜಾಸ್ತಿ ಆತಂತ ಜೀವಂತ ಕೋಳೀನ ಗುಂಡಿ ತೋಡಿ ಮುಚ್ಚಿದವರದಾರ. ಅದಕ್ಕ ಈ ಸಲ ಬುಡದಿಂದ ತಿಳ್ಕೋಬೇಕಂತ ಕೇಳಾಕತ್ತೀನಿ. ಎರಡೂ ಕೊರೋನಾ ಆಗಿದ್ರ ಒಂದು ಕೋಳಿಗಷ್ಟ ಯಾಕ ಬರ್ತೈತಿ, ಇನ್ನೊಂದು ಮನಷಾರಿಗೆ ಯಾಕ ಬರ್ತೈತಿ? ಅದು ಮೈಯಾಗ ಹೊಕ್ಕು ಮಾಡೋದರ ಏನು? ತಿಳದವರು ಬಿಡಿಸಿ ಹೇಳ್ರಿ, ನಾ ಬಿಕಾಂ ಓದಿದಾವ, ಸೈನ್ಸ್ ಎಸ್ಸೆಸ್ಸೆಲ್ಸಿಗೆ ಮುಗದೈತಿ.

ಧಾರವಾಡ_ಮೈಕ್ರೋಬಯಾಲಜಿ

ಸರ, ನಾ ಇಲ್ಲೆ ಕರ್ನಾಟಕ ವಿಶ್ವವಿದ್ಯಾಲಯದಾಗ ಎಂಎಸ್ಸಿ ಮಾಡಿ ಡಿಗ್ರಿ ಕಾಲೇಜಿನ್ಯಾಗ ಮೈಕ್ರೋಬಯಾಲಜಿ ಕಲಸ್ತೀನಿ. ನೀವು ಕೇಳಿದ್ದು ಮೂಲ ಪ್ರಶ್ನಿನ ಅದ, ಸ್ವಲ್ಪ ಉದ್ದ ಆಗ್ತದ, ಸಾವಕಾಶ ಓದ್ರಿ.

ಕೊರೋನಾ ಅನ್ನೋದು ಒಂದ ವೈರಸ್ ಅಲ್ಲ, ದೊಡ್ಡ ಮನೆತನ. ಅದರಾಗ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ನಾಲ್ಕು ಗುಂಪು (2021ರ ಡೆಲ್ಟಾ ತಳಿಗೂ ಈ ಗುಂಪಿನ ಹೆಸರಿಗೂ ಸಂಬಂಧ ಇಲ್ಲ). ನಿಮ್ಮ ಕೋಳಿ ಐಬಿ ಗಾಮಾ ಗುಂಪಿಂದು. ಮನಷ್ಯಾರಿಗೆ ಬರೂವು ಒಟ್ಟು ಏಳು ಅವ, ಎಲ್ಲಾ ಆಲ್ಫಾ ಇಲ್ಲಾ ಬೀಟಾ ಗುಂಪಿನವು. ಅದರಾಗ ನಾಲ್ಕು ಬರೇ ನೆಗಡಿ ತರೂವು, ನಮಗೂ ನಿಮಗೂ ಸಣ್ಣವರಿದ್ದಾಗ ಬಂದು ಹೋಗಿರ್ತಾವ, ಯಾರೂ ಹೆಸರ ಕೇಳಿಲ್ಲ. ಉಳಿದ ಮೂರು ಜೋರಿನವು: 2002-03ರ ಸಾರ್ಸ್, 2012ರಾಗ ಅರಬ್ ದೇಶದಾಗ ಕಾಣಿಸಿಕೊಂಡ ಮರ್ಸ್, ಆಮ್ಯಾಲೆ 2019ರ ಕೊನೀಗೆ ಚೀನಾದ ವುಹಾನದಾಗ ಗೊತ್ತಾದ ಸಾರ್ಸ್-ಕೋವ್-2, ಅದ ಕೋವಿಡ್ ತಂದದ್ದು.

ಈಗ ಒಂದು ಯಾಕ ಕೋಳಿಗೆ ಮತ್ತೊಂದು ಯಾಕ ನಮಗ ಅನ್ನೂದಕ್ಕ ಬರೂಣು. ವೈರಸ್ಸಿಗೆ ತಾನಾಗಿ ಬೆಳಿಲಿಕ್ಕೆ ಬರೂದಿಲ್ಲ, ಯಾವದರ ಜೀವಕೋಶದ ಒಳಗ ಹೋಗಲೇಬೇಕು. ಹೊರಗಿದ್ದಾಗ ಅದು ಸುಮಾರು 100 ನ್ಯಾನೋಮೀಟರಿನ ಒಂದು ಗುಂಡು ಕಣ, ಹತ್ತು ಸಾವಿರ ಕಣ ಸಾಲಾಗಿ ಇಟ್ರ ಒಂದು ಮಿಲಿಮೀಟರ್ ಆಗ್ತದ. ಮ್ಯಾಲೆ ಕೊಬ್ಬಿನ ಪದರ, ಒಳಗ ಪ್ರೋಟೀನಿಗೆ ಸುತ್ತಿಕೊಂಡ ಒಂದ ಒಂದು ಆರ್‌ಎನ್‌ಎ ಎಳಿ, ಅಂದ್ರ ಹೊಸಾ ವೈರಸ್ ಹೆಂಗ ತಯಾರಸೂದು ಅನ್ನೂ ಸೂಚನಾ ಬರದ ಎಳಿ. ಆ ಕೊಬ್ಬಿನ ಪದರದಾಗ ನೆಟ್ಟ ಸ್ಪೈಕ್ ಅನ್ನೋ ಪ್ರೋಟೀನ್ ಅವ, ಕೋವಿಡ್ ವೈರಸ್ಸಿನ ಒಂದು ಕಣದ ಮ್ಯಾಲೆ ಅಂದಾಜು 20ರಿಂದ 40. ಎಲ್ಲಾ ಆಟ ಈ ಸ್ಪೈಕಿಂದ.

ಸ್ಪೈಕಿನ ತುದಿ ಆಕಾರಕ್ಕ ಕೂಡೂ ಪ್ರೋಟೀನು ಯಾವ ಜೀವಕೋಶದ ಮ್ಯಾಲೆ ಅದನೋ ಆ ಕೋಶಕ್ಕಷ್ಟ ವೈರಸ್ ಅಂಟಿಕೊಳ್ತದ. ಕೋವಿಡ್ ವೈರಸ್ಸು ಹಿಡಿಯೂದು ಎಸಿಇ-2 ಅನ್ನೂದನ್ನ. ಅದು ನಮ್ಮ ಮೈಯಾಗ ಬ್ಲಡ್ ಪ್ರೆಶರ್ ಹದ್ದಿನಾಗ ಇಡೂ ಕೆಲಸ ಮಾಡ್ಕೋತ ಇರೂ ಪ್ರೋಟೀನು, ವೈರಸ್ಸಿಗಂತ ಹುಟ್ಟಿದ್ದಲ್ಲ. ಮೂಗಿನ ಒಳಪದರ, ಪುಪ್ಪುಸದ ಗಾಳಿಚೀಲ, ಸಣ್ಣಕರಳು, ಕಿಡ್ನಿ, ಹೃದಯ ಇಲ್ಲೆಲ್ಲ ಅದು ಅದ, ಅದಕ್ಕ ಕೋವಿಡ್ ಒಳಗ ನೆಗಡಿಯಿಂದ ಹಿಡಿದು ಭೇದಿ ತನಕ ಏನೇನೋ ಕಂಡದ್ದು. ಮರ್ಸ್ ವೈರಸ್ ಹಿಡಿಯೂದು ಡಿಪಿಪಿ-4 ಅನ್ನೂ ಬ್ಯಾರೆ ಪ್ರೋಟೀನ್. ಐಬಿ ವೈರಸ್ಸಿನ ಸ್ಪೈಕು ಎಸಿಇ-2ಕ್ಕ ಕೂಡೂದ ಇಲ್ಲ, ಅದು ಕೋಳಿ ಶ್ವಾಸನಾಳದ ಕೋಶದ ಮ್ಯಾಲಿನ ಸಿಯಾಲಿಕ್ ಆಮ್ಲ ಅನ್ನೂ ಸಕ್ಕರಿ ಜಾತಿ ಅಣುವಿಗೆ ಅಂಟಿಕೊಳ್ತದ. ನಿಮ್ಮ ಹುಡುಗರ ಮೂಗಿನಾಗ ಐಬಿ ಲಸಿಕಿ ಹನಿ ಹೋದ್ರೂ ಅದು ಅಲ್ಲಿ ಬೆಳಕೊಂಡು ಜಡ್ಡು ತರೂದಿಲ್ಲ.

ಆದ್ರ ಹಿಡಿಯೂದೊಂದ ಸಾಕಾಗೂದಿಲ್ಲ, ಇದನ್ನ ಭಾಳ ಮಂದಿ ಬಿಟ್ಟುಬಿಡ್ತಾರ. ನೆಗಡಿ ತರೂ ಎನ್‌ಎಲ್-63 ಅನ್ನೂ ಕೊರೋನಾನೂ ಎಸಿಇ-2 ಅನ್ನ ಹಿಡೀತದ, ಆದ್ರೂ ಅದರ ಜಡ್ಡು ಹಗರು. ಅಂಟಿಕೊಂಡ ಮ್ಯಾಲೆ ಸ್ಪೈಕ್ ಕತ್ತರಿಸಬೇಕು, ಕತ್ತರಿಸೂದು ನಮ್ಮದ ಕಿಣ್ವ. ಕೋವಿಡ್ ವೈರಸ್ಸಿನ ಸ್ಪೈಕಿನಾಗ ಫ್ಯೂರಿನ್ ಅನ್ನೂ ಕಿಣ್ವ ಕತ್ತರಿಸೂ ಜಾಗ ಒಂದದ, ವೈರಸ್ ಹಿಂದಿನ ಕೋಶದಾಗ ತಯಾರಾಗೂವಾಗನ ಅಲ್ಲೊಂದು ಕಡಿತ ಬಿದ್ದಿರ್ತದ. ಇನ್ನೊಂದು ಕಡಿತ ಹೊಸಾ ಕೋಶದ ಮೈಮ್ಯಾಲಿನ ಟಿಎಂಪಿಆರ್‌ಎಸ್‌ಎಸ್-2 ಅನ್ನೂ ಕಿಣ್ವದಿಂದ ಬೀಳ್ತದ. ಆ ಎರಡನೇ ಕಡಿತ ಬಿದ್ದ ಕೂಡಲೇ ಸ್ಪೈಕಿನ ಮ್ಯಾಲಿನ ಭಾಗ ಕಳಚಿ, ಒಳಗ ಮಡಚಿಕೊಂಡಿದ್ದ ಭಾಗ ಉದ್ದಾಗಿ ಚಾಚಿ ಕೋಶದ ಪದರದಾಗ ಹೊಗ್ತದ, ಮತ್ತ ತಿರುಗಿ ಮಡಚಿಕೊಂಡು ಎರಡೂ ಕೊಬ್ಬಿನ ಪದರ ಹತ್ರ ಎಳಕೊಂಡು ಕೂಡಿಸಿಬಿಡ್ತದ. ಪದರ ಒಂದಾದ ಮ್ಯಾಲೆ ಆರ್‌ಎನ್‌ಎ ಒಳಗ. ಆ ಕಿಣ್ವ ಸಿಗಲಿಲ್ಲಾ ಅಂದ್ರ ಕೋಶ ತಾನಾಗಿ ವೈರಸ್ಸನ್ನ ಒಂದು ಗುಳ್ಳಿಯೊಳಗ ನುಂಗಿದಾಗ ಅಲ್ಲಿನ ಕಿಣ್ವದಿಂದ ಕತ್ತರಿಸಿಕೊಂಡು ಹೊರಬರೂ ಎರಡನೇ ದಾರಿನೂ ಅದ.

ಒಳಗ ಹೋದ ಆರ್‌ಎನ್‌ಎದಾಗ ಸುಮಾರು 30,000 ಅಕ್ಷರ ಅವ, ಆರ್‌ಎನ್‌ಎ ವೈರಸ್ಸಿನಾಗ ಇದು ಭಾಳ ಉದ್ದಂದು. ನಮ್ಮ ಕೋಶದ ರೈಬೋಸೋಮು ಇದು ತಮ್ಮದೋ ಪರರದೋ ಅಂತ ನೋಡೂದಿಲ್ಲ, ನೇರ ಓದಿ ಪ್ರೋಟೀನ್ ಮಾಡ್ಲಿಕ್ಕೆ ಶುರು ಮಾಡ್ತದ. ಮದಲ ಬರೂದು ಒಂದು ಉದ್ದನ್ನ ಪ್ರೋಟೀನ್ ಸರ, ಅದು ತನ್ನನ್ನ ತಾನ ತುಂಡು ಮಾಡ್ಕೊಂಡು 16 ಪ್ರೋಟೀನ್ ಆಗ್ತದ (ಪ್ಯಾಕ್ಸ್‌ಲೋವಿಡ್ ಅನ್ನೂ ಗುಳಗಿ ಈ ತುಂಡು ಮಾಡೂ ಕಿಣ್ವಾನ ಕಟ್ಟಿ ಹಾಕ್ತದ). ಅದರಾಗ ಒಂದು ನಮ್ಮ ಕೋಶದ ಸ್ವಂತ ಪ್ರೋಟೀನ್ ತಯಾರಿ ನಿಲ್ಲಸ್ತದ, ಇನ್ನೊಂದು ಆರ್‌ಎನ್‌ಎ ನಕಲು ಮಾಡ್ತದ, ಮತ್ತೊಂದು ನಕಲಿನಾಗ ತಪ್ಪಾದದ್ದನ್ನ ತಿದ್ದತದ. ಫ್ಲೂ ವೈರಸ್ಸಿಗೆ ಈ ತಿದ್ದೂ ಸೌಲತ್ತಿಲ್ಲ, ಅದಕ್ಕ ಕೊರೋನಾ ಒಂದೊಂದು ನಕಲಿಗೆ ಬದಲಾಗೂದು ಫ್ಲೂಕ್ಕಿಂತ ಕಡಿಮಿ. ಹೊಸಾ ವೈರಸ್ಸಿಗೆ ಬೇಕಾದ ಕೊಬ್ಬಿನ ಪದರಾನೂ ನಮ್ಮ ಕೋಶದ ಒಳಗಿನದ್ದನ್ನ ತಗೋತದ. ಒಂದು ವೈರಸ್ ಹೊಕ್ಕು ಹೊಸಾವು ಹೊರಗ ಬರ್ಲಿಕ್ಕೆ ಹತ್ತು ತಾಸಿನ ಆಸುಪಾಸು ಸಾಕು. ಮೈಗೆ ಸುದ್ದಿ ಮುಟ್ಟಿ ಜ್ವರ ಬರೂದರೊಳಗ ಇಂಥಾವು ಎಷ್ಟೋ ಸುತ್ತು ಮುಗದಿರ್ತಾವ, ಅದಕ್ಕ ಜ್ವರ ಬರೂಕಿಂತ ಒಂದೆರಡು ದಿವಸ ಮದಲ ಮಂದಿ ಬ್ಯಾರೆಯವರಿಗೆ ಹಚ್ಚತಿದ್ರು. ಇದನ್ನ ನಿಲ್ಲಸೂದು ಕಷ್ಟ ಆದದ್ದು ಈ ಒಂದು ಗುಣದಿಂದ. 2003ರ ಸಾರ್ಸಿನಾಗ ಜಡ್ಡು ಜೋರಾದ ಮ್ಯಾಲೆ ಹರಡತಿತ್ತು, ಜ್ವರ ಬಂದವರನ್ನ ಬ್ಯಾರೆ ಇಟ್ಟು ಅದನ್ನ ಹಿಡಿಲಿಕ್ಕಾತು.

ಹಾವೇರಿ_ಪಶುವೈದ್ಯ

ಮೇಡಂ ಅವರು ಛಲೋ ಬರದಾರ. ನಾ ಕೋಳಿ ಕಡೆಯಿಂದ ಸ್ವಲ್ಪ ಸೇರಸ್ತೀನಿ.

ಐಬಿ ಹೊಸದಲ್ಲ ತಮ್ಮಾ, ಮನಷ್ಯಾನ ಕೊರೋನಾ ಗೊತ್ತಾಗೋಕ್ಕಿಂತ ಮದಲಿಂದು. 1931ರಾಗ ಅಮೆರಿಕಾದಾಗ ಮರಿಗಳು ಬಾಯಿ ತಕ್ಕೊಂಡು ಏದುಸಿರು ಬಿಡೋದನ್ನ ನೋಡಿ ಇದೊಂದು ಬ್ಯಾರೆ ಜಡ್ಡು ಅಂತ ಬರದ್ರು, 1937ರಾಗ ತತ್ತಿಯೊಳಗಿನ ಭ್ರೂಣದಾಗ ವೈರಸ್ ಬೆಳೆಸಿದ್ರು. ಅಲ್ಲಿಂದ ಇಲ್ಲೀ ತನಕ ಜಗತ್ತಿನ ತುಂಬ ಕೋಳಿ ಶೆಡ್ಡಿನ್ಯಾಗ ದುಡಿಯೋ ಮಂದಿ ಈ ವೈರಸ್ಸಿನ ಗಾಳ್ಯಾಗ ಉಸಿರಾಡ್ಯಾರ, ಐಬಿಯಿಂದ ಮನಷ್ಯಾರಿಗೆ ಜಡ್ಡು ಬಂತು ಅನ್ನೋ ದಾಖಲೆ ಇಲ್ಲ. ನೀ ಹಾಕೋ ಬಾಟ್ಲಿ ಮ್ಯಾಲೆ ಎಚ್-120 ಅಂತ ಇದ್ರ, ಆ ವೈರಸ್ಸನ್ನ ತತ್ತಿಯಿಂದ ತತ್ತಿಗೆ 120 ಸಲ ದಾಟಿಸಿ ಕೋಳಿಗೂ ಜಡ್ಡು ಬರದಷ್ಟು ಮೆತ್ತಗ ಮಾಡ್ಯಾರ ಅಂತ ಅರ್ಥ.

ಇನ್ನ ಉಲ್ಟಾ ಕಡೆನೂ ನೋಡಬೇಕು. 2020ರಾಗ ಚೀನಾದ ವಿಜ್ಞಾನಿಗಳು ಕೋವಿಡ್ ವೈರಸ್ಸನ್ನ ಬೇಕಂತನ ಕೋಳಿ, ಬಾತುಕೋಳಿ, ಹಂದಿ, ನಾಯಿ, ಬೆಕ್ಕು, ಫೆರೆಟ್ ಅನ್ನೋ ಮುಂಗಲಿಯಂಥಾ ಪ್ರಾಣಿ ಎಲ್ಲಾಕ್ಕೂ ಮೂಗಿನಾಗ ಬಿಟ್ಟು ನೋಡಿದ್ರು. ಬೆಕ್ಕಿನ್ಯಾಗ, ಫೆರೆಟ್ಟಿನ್ಯಾಗ ಬೆಳೀತು, ಕೋಳಿಯಾಗ ಬಾತುಕೋಳಿಯಾಗ ಬೆಳೀಲಿಲ್ಲ. ಕೋಳಿಗೂ ಎಸಿಇ-2 ಇರ್ತೈತಿ, ಆದ್ರ ಅದರ ಆಕಾರ ನಮ್ಮದಕ್ಕಿಂತ ಬ್ಯಾರೆ, ಸ್ಪೈಕು ಅದರ ಮ್ಯಾಲೆ ನಿಲ್ಲಂಗಿಲ್ಲ. ಬೆಕ್ಕಿನ ಜಾತಿದು ನಮ್ಮದಕ್ಕ ಹತ್ರ ಹತ್ರ ಐತಿ, ಅದಕ್ಕ 2021ರ ಮೇದಾಗ ಹೈದರಾಬಾದಿನ ನೆಹರೂ ಝೂದಾಗ ಎಂಟು ಸಿಂಹಕ್ಕ ಕೋವಿಡ್ ಬಂದಿತ್ತು. ಕೋಳಿ ತಿಂದ್ರ ಕೊರೋನಾ ಅಂತ ಹಬ್ಬಿಸಿದ ಸುದ್ದಿ ಬುಡದಿಂದ ಸುಳ್ಳು, ಅದರಾಗ ಮುಳುಗಿದ ರೈತರನ್ನ ನಾ ಕಣ್ಣಾರೆ ಕಂಡೀನಿ, ಇವತ್ತಿಗೂ ಹೊಟ್ಟ್ಯಾಗ ಉರೀತೈತಿ.

ಲಸಿಕಿ ನೀರಿನ್ಯಾಗ ಹಾಲಿನ ಪುಡಿ ಯಾಕ ಹಾಕ್ತೀವಿ ಅನ್ನೋದನ್ನ ಹುಡುಗ್ರಿಗೆ ಹೇಳು. ಟಾಕಿ ನೀರಿನ್ಯಾಗ ಬ್ಲೀಚಿಂಗ್ ಪೌಡರ್ ಇರ್ತೈತಿ, ಆ ಕ್ಲೋರಿನ್ನು ಜೀವಂತ ಲಸಿಕಿ ವೈರಸ್ಸನ್ನ ಕೋಳಿ ಕುಡಿಯೋದ್ರಾಗ ಸಾಯಿಸಿಬಿಡ್ತೈತಿ. ಹಾಲಿನ ಪ್ರೋಟೀನು ಆ ಕ್ಲೋರಿನ್ನನ್ನ ಮದಲ ತಾ ತಿಂದು ಹಾಕ್ತೈತಿ, ಲಸಿಕಿ ಉಳೀತೈತಿ. ಅದಕ್ಕ ಮದಲ ಪುಡಿ ಕಲಸಿ ಸ್ವಲ್ಪ ಹೊತ್ತು ಬಿಟ್ಟು ಆಮ್ಯಾಲೆ ಬಾಟ್ಲಿ ಒಡೀಬೇಕು, ಎರಡೂ ಒಂದ ಸಲ ಸುರೂಬ್ಯಾಡ್ರಿ. ಅಂದ್ರ ಇದು ಎಷ್ಟು ನಾಜೂಕ ಕಣ ಅನ್ನೋದು ನಿಮಗ ದಿನಾ ಮಾಡೋ ಕೆಲಸದಾಗನ ಗೊತ್ತೈತಿ.

ಖರೇ ಹುಷಾರಿರಬೇಕಾದ್ದು ರಾಣಿಖೇತ ಲಸಿಕಿ ಕಡೆ, ಅದು ಕೊರೋನಾ ಅಲ್ಲ, ಬ್ಯಾರೆ ಜಾತಿ. ಸ್ಪ್ರೇ ಮಾಡೋವಾಗ ಇಲ್ಲಾ ಕಣ್ಣಿನ ಹನಿ ಹಾಕೋವಾಗ ಆ ಕೈ ತಮ್ಮ ಕಣ್ಣಿಗೆ ಹತ್ತಿದ್ರ ಕಣ್ಣು ಕೆಂಪಾಗಿ ನೀರ ಸುರೀತೈತಿ, ಕೆಲವು ದಿನಕ್ಕ ತಾನ ಹೋಗ್ತೈತಿ. ಮತ್ತ ಹಕ್ಕಿಜ್ವರ ಅಂತೂ ಪೂರಾ ಬ್ಯಾರೆ ವಿಷಯ, ಗುಂಪಿಗೆ ಗುಂಪ ಕೋಳಿ ಒಮ್ಮಿಂದೊಮ್ಮೆ ಸತ್ರ ಕೈ ಹಚ್ಚದ ನಮ್ಮ ಇಲಾಖೆಗೆ ಫೋನ್ ಮಾಡ್ಬೇಕು.

ಬೆಟಗೇರಿ_ಮಗ್ಗ

ನಾನೂ ಒಂದು ಕೇಳ್ತೀನ್ರಿ ಮೇಡಂ. ನಮ್ಮ ಮನ್ಯಾಗ ಎಲ್ಲಾರಿಗೂ ಬಂತು, ನನಗ ಜ್ವರ ಇಲ್ಲ ಕೆಮ್ಮಿಲ್ಲ, ಆದ್ರ ಒಂದಿನ ಮುಂಜಾನೆ ಒಗ್ಗರಣಿಗೆ ಇಂಗು ಹಾಕಿದ್ರ ಏನೂ ವಾಸನೀನ ಇಲ್ಲ. ಬಳ್ಳೊಳ್ಳಿ ಜಜ್ಜಿ ಮೂಗಿಗೆ ಹಿಡ್ಕೊಂಡೆ, ಇಲ್ಲ. ಮೂಗ ಕಟ್ಟಿದ್ರ ಹಂಗ ಆಗ್ತೈತಿ ಅಂತ ಗೊತ್ತು, ಆದ್ರ ಮೂಗ ಕಟ್ಟಿರಲೇ ಇಲ್ಲ, ಉಸಿರು ಸರಾಗ ಇತ್ತು. ತಿಂಗಳಾದ ಮ್ಯಾಲೆ ಬಂತು ಖರೆ, ಆದ್ರೂ ಕೆಲವು ವಾಸನಿ ಮದಲಿನಂಗ ಇಲ್ಲ, ಉಳ್ಳಾಗಡ್ಡಿ ಹುರದ್ರ ಏನೋ ಕರಕಲು ನಾತ ಬರ್ತೈತಿ. ವೈರಸ್ಸು ಮೆದುಳಿಗೆ ಹೋಗೈತೇನು ಅಂತ ನನಗ ಒಳಗೊಳಗ ಅಂಜಿಕಿ. ಇನ್ನೊಂದು, ಆವಾಗ ಸಾಬೂನು ಸಾಬೂನು ಅಂತ ಹೊಡಕೊಂಡ್ರಲ್ಲ, ಅದರಿಂದ ಖರೇನ ಏನರ ಉಪಯೋಗ ಇತ್ತೇನ್ರಿ?

ಧಾರವಾಡ_ಮೈಕ್ರೋಬಯಾಲಜಿ

ಅಕ್ಕಾರ, ಅಂಜಬ್ಯಾಡ್ರಿ. ಮೂಗಿನ ಮ್ಯಾಲ್ಭಾಗದಾಗ, ಎರಡೂ ಕಣ್ಣಿನ ನಡುವ, ವಾಸನಿ ಹಿಡಿಯೂ ಸಣ್ಣದೊಂದು ಪದರ ಅದ. ಅಲ್ಲಿ ವಾಸನಿ ಗುರ್ತಿಸೂ ನರಕೋಶ ಅವ, ಅವುಗಳ ಆಜುಬಾಜು ಆಸರಕ್ಕ ನಿಂತು ಅವನ್ನ ಜ್ವಾಪಾನ ಮಾಡೂ ಬ್ಯಾರೆ ಕೋಶ ಅವ. ಎಸಿಇ-2 ಇರೂದು ಆ ಆಸರದ ಕೋಶದ ಮ್ಯಾಲೆ, ನರಕೋಶದ ಮ್ಯಾಲೆ ಅಲ್ಲ. ವೈರಸ್ಸು ಆಸರದ ಕೋಶಕ್ಕ ಹತ್ತಿ ಅವು ಸತ್ತಾಗ ನರಕೋಶ ಜೀವ ಇದ್ರೂ ಕೆಲಸ ಮಾಡೂದು ನಿಲ್ಲಸ್ತಾವ. ಅದಕ್ಕ ಮೂಗ ಕಟ್ಟದನ ವಾಸನಿ ಒಮ್ಮಿಂದೊಮ್ಮೆ ಹೋಗ್ತದ, ಆಸರದ ಕೋಶ ಮತ್ತ ಬೆಳದಂಗ ಭಾಳ ಮಂದಿಗೆ ವಾರ ಎರಡ ವಾರಕ್ಕ ವಾಪಸ್ ಬರ್ತದ. ನಿಮ್ಮಂಗ ತಿಂಗಳ ಹಿಡಿದವರಿಗೆ ನರಕೋಶಕ್ಕೂ ಧಕ್ಕಿ ಆಗಿ ಹೊಸಾವು ಹುಟ್ಟಿ ಮತ್ತ ಮೆದುಳಿಗೆ ಜೋಡಣಿ ಆಗಬೇಕಾಗ್ತದ, ಆ ಜೋಡಣಿ ಅರ್ಧಂಬರ್ಧ ಇರೂತನಕ ಉಳ್ಳಾಗಡ್ಡಿ, ಕಾಫಿ, ಹುರದ ಪದಾರ್ಥ ಇವೆಲ್ಲ ಕರಕಲು ನಾತ ಬಡೀತಾವ, ಈ ತಕರಾರು ನಿಮಗೊಬ್ಬರಿಗ ಅಲ್ಲ. ದಿನಾ ಎರಡ ಹೊತ್ತು ನಾಲ್ಕು ಗುರ್ತಿನ ವಾಸನಿ, ಉದಾಹರಣಿಗೆ ಲವಂಗ, ನಿಂಬಿಹಣ್ಣು, ಇಂಥಾವನ್ನ ಒಂದೊಂದಾಗಿ ಸಾವಕಾಶ ಮೂಸಿ ಅದರ ಮೊದಲಿನ ವಾಸನಿ ನೆನಸ್ಕೊಳ್ರಿ, ಕಿವಿ-ಮೂಗಿನ ಡಾಕ್ಟರ್ ಕಡೆ ಹೋದ್ರ ಅವರೂ ಇದನ್ನ ಹೇಳೂದು.

ಸಾಬೂನಿಂದು ಖರೇನ ಉಪಯೋಗ ಅದ. ಮ್ಯಾಲೆ ಹೇಳಿದ್ನಲ್ಲ, ವೈರಸ್ಸಿನ ಹೊರಗಿಂದು ಕೊಬ್ಬಿನ ಪದರ. ಜಿಡ್ಡ ಹತ್ತಿದ ಭಾಂಡೆ ಸಾಬೂನಿಗೆ ಬಿಟ್ಟುಕೊಡೂ ಹಂಗ ಈ ಪದರಾನೂ ಒಡೀತದ, ಪದರ ಒಡದ್ರ ಸ್ಪೈಕ್ ಎಲ್ಲಾ ಉದುರಿ ಆ ಕಣಕ್ಕ ಕೋಶದಾಗ ಹೊಗಲಿಕ್ಕೆ ದಾರೀನ ಉಳಿಯೂದಿಲ್ಲ. ಆದ್ರ ಕೋವಿಡ್ ಹೆಚ್ಚಾಗಿ ಹರಡಿದ್ದು ಕೈಯಿಂದ ಅಲ್ಲ, ಗಾಳಿಯಿಂದ. ಮಾತಾಡಿದಾಗ, ಹಾಡಿದಾಗ, ಬರೇ ಉಸಿರಾಡಿದಾಗನೂ ಬಾಯಿಂದ ಬರೂ ಸಣ್ಣ ಹನಿ ಕಿಟಕಿ ಹಾಕಿದ ಖೋಲಿಯೊಳಗ ಭಾಳ ಹೊತ್ತು ತೇಲ್ತಾವ. ತರಕಾರಿ ತೊಳದು ತೊಳದು ಸುಸ್ತಾದ್ವಿ, ಕಿಟಕಿ ತಗೀರಿ ಅಂತ ಅಷ್ಟ ಜೋರಾಗಿ ಯಾರೂ ಹೇಳಲಿಲ್ಲ, ಆ ಸಿಟ್ಟು ನನಗ ಇನ್ನೂ ಅದ.

ಹುಬ್ಬಳ್ಳಿ_ಲ್ಯಾಬ್

ನಾ 2020-21ರಾಗ ಹುಬ್ಬಳ್ಳ್ಯಾಗ ಕೋವಿಡ್ ಟೆಸ್ಟಿಂಗ್ ಲ್ಯಾಬಿನ್ಯಾಗ ಕೆಲಸ ಮಾಡೀನಿ, ಅದಕ್ಕ ಟೆಸ್ಟಿಂದು ನಾ ಹೇಳ್ತೀನಿ, ಯಾಕಂದ್ರ ಮಂದಿಗೆ ಇವತ್ತಿಗೂ ಇದರ ಮ್ಯಾಲೆ ಅನುಮಾನ ಐತಿ, ಆರಾಮಾದ ಮ್ಯಾಲೂ ಪಾಸಿಟಿವ್ ಬಂತು ಅಂದ್ರ ಟೆಸ್ಟ ಸುಳ್ಳು ಅಂತಾರ.

ಮೂಗಿನ್ಯಾಗ ಕಡ್ಡಿ ಹಾಕಿ ಹಿಂದಿನ ಗ್ವಾಡಿಗೆ ಮುಟ್ಟೋತನಕ ಯಾಕ ಒತ್ತಿದ್ವಿ ಅಂದ್ರ ವೈರಸ್ ಹೆಚ್ಚ ಬೆಳಿಯೋದು ಅಲ್ಲೇ. ಆ ಕಡ್ಡೀನ ಒಂದು ಗುಲಾಬಿ ಬಣ್ಣದ ನೀರಿರೋ ಸಣ್ಣ ಟ್ಯೂಬಿನ್ಯಾಗ ಮುರದು ಹಾಕಿ ಐಸ್ ಪ್ಯಾಕಿನ ಡಬ್ಬ್ಯಾಗ ಕಳಸತಿದ್ರು. ಹಳ್ಳಿಯಿಂದ ಬರೋ ಟ್ಯೂಬಿನ ಮುಚ್ಚಳ ಸಡ್ಲಾಗಿ ಸೋರಿದ್ರ ಆ ಸ್ಯಾಂಪಲ್ ಬಿಸಾಕಬೇಕಿತ್ತು, ಯಾರೋ ಪಾಪ ಇದರ ರಿಪೋರ್ಟಿಗೆ ಕಾಯ್ತಿರ್ತಾರ ಅಂತ ಹೊಟ್ಟಿ ಚುರುಕ್ ಅಂತಿತ್ತು. ಲ್ಯಾಬಿನ್ಯಾಗ ಮದಲ ಕೆಮಿಕಲ್ ಹಾಕಿ ವೈರಸ್ ಒಡದು ಆರ್‌ಎನ್‌ಎ ಬ್ಯಾರೆ ತಗೀತೀವಿ, ಅದನ್ನ ಡಿಎನ್‌ಎ ರೂಪಕ್ಕ ತಿರುಗಿಸಿ ಮಶೀನಿನ್ಯಾಗ ಹಾಕಿದ್ರ ಒಂದೊಂದು ಸುತ್ತಿಗೆ ಅದು ಎರಡ ಪಟ್ಟ ಆಗ್ತೈತಿ. ಎಷ್ಟನೇ ಸುತ್ತಿಗೆ ಮಶೀನಿಗೆ ಕಾಣಿಸ್ತು ಅನ್ನೋದ ಸಿಟಿ ವ್ಯಾಲ್ಯೂ. 20ಕ್ಕ ಕಂಡವರ ಮೂಗಿನ್ಯಾಗ, 30ಕ್ಕ ಕಂಡವರಿಗಿಂತ ಅಂದಾಜು ಸಾವಿರ ಪಟ್ಟು ಹೆಚ್ಚಿಗಿ ವೈರಸ್ ಆರ್‌ಎನ್‌ಎ ಐತಿ ಅಂತ, ಯಾಕಂದ್ರ ಹತ್ತು ಸುತ್ತಿಗೆ ಎರಡೆರಡ ಪಟ್ಟ ಆಗ್ಕೋತ ಹೋದ್ರ 1,024 ಆಗ್ತೈತಿ. ನಂಬರ್ ಸಣ್ಣದಿದ್ದಷ್ಟು ವೈರಸ್ ಜಾಸ್ತಿ, ಇದನ್ನ ಉಲ್ಟಾ ತಿಳ್ಕೊಂಡು ಸಿಟಿ 34 ಬಂತಂತ ಅಳಕೋತ ಫೋನ್ ಮಾಡಿದವರಿದ್ರು.

ಮಶೀನು ನೋಡೋದು ಆರ್‌ಎನ್‌ಎ ತುಂಡು, ಜೀವಂತ ವೈರಸ್ ಅಲ್ಲ. ಜಡ್ಡು ಹೋದ ಮ್ಯಾಲೂ ಸತ್ತ ಕೋಶದ ಜೋಡಿ ಆ ತುಂಡು ವಾರಗಟ್ಲೆ ಬರ್ತಿರ್ತಾವ, ಅದಕ್ಕ ಪಾಸಿಟಿವ್ ತೋರಸ್ತೈತಿ, ಆ ಮನಷ್ಯಾ ಮತ್ತೊಬ್ಬರಿಗೆ ಹಚ್ಚಂಗಿಲ್ಲ. ಕಾರ್ಡ್ ಟೆಸ್ಟ್, ಅಂದ್ರ ರ್‍ಯಾಪಿಡ್ ಆಂಟಿಜೆನ್, ಹಿಡಿಯೋದು ಆರ್‌ಎನ್‌ಎಗೆ ಸುತ್ತಿಕೊಂಡಿರೋ ಪ್ರೋಟೀನನ್ನ, ಅದನ್ನ ನಕಲು ಮಾಡಿ ಹೆಚ್ಚ ಮಾಡಂಗಿಲ್ಲ, ಅದಕ್ಕ ವೈರಸ್ ಭಾಳ ಇದ್ದಾಗಷ್ಟ ಗೆರಿ ಮೂಡತೈತಿ.

ಇನ್ನೊಂದು, ಕೋಳಿ ಮಾತು ಬಂತಲ್ಲ ಅದಕ್ಕ ಹೇಳಬೇಕು ಅನಿಸ್ತು. ಮನಷ್ಯಾನ ಕೊರೋನಾನ ಮದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ್ಯಾಗ ನೋಡಿದಾಕಿ ಜೂನ್ ಅಲ್ಮೇಡಾ ಅಂತ, ಗ್ಲಾಸ್ಗೋದ ಬಸ್ ಡ್ರೈವರ್ ಮಗಳು. 16ಕ್ಕ ಸಾಲಿ ಬಿಟ್ಟು ದವಾಖಾನಿಯಾಗ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದಾಕಿ. 1960ರ ದಶಕದಾಗ ಲಂಡನ್ನಿನ್ಯಾಗ ನೆಗಡಿ ಸ್ಯಾಂಪಲ್ ನೋಡಿದಾಗ ಅಕಿಗೆ ಗುರ್ತ ಸಿಕ್ಕಿದ್ದು ಯಾಕಂದ್ರ ಮದಲ ಇಂಥಾದ್ದ ಕಣಾನ ಕೋಳಿ ಐಬಿಯಾಗ ನೋಡಿದ್ಲು. ಅದರ ಸುತ್ತಲಿನ ಸ್ಪೈಕ್ ನೋಡಿ 1968ರಾಗ ಇವಕ್ಕೆಲ್ಲಾ ಕೊರೋನಾ ಅಂತ ಹೆಸರಿಟ್ರು. ನಮ್ಮಂಥಾ ಟೆಕ್ನಿಷಿಯನ್ ಮಂದಿ ಈಕಿ ಹೆಸರು ಮರೀಬಾರದು.

ನವಲಗುಂದ_ಮಗಳು

ಎಲ್ಲಾ ಓದಿದೆ. ನಮ್ಮ ಅಪ್ಪಾರು 2021ರ ಮೇ ತಿಂಗಳದಾಗ ತೀರ್ಕೊಂಡ್ರು. ಮದಲಿನ ವಾರ ಬರೇ ಜ್ವರ, ಮೈಕೈ ನೋವು, ಆರಾಮ ಆಗಾಕತ್ತಾರ ಅನ್ಕೊಂಡಿದ್ವಿ, ಕುಂತು ಮಾತಾಡ್ತಿದ್ರು, ರೊಟ್ಟಿ ಉಂಡಿದ್ರು. ಆಕ್ಸಿಮೀಟರ್ ಹಚ್ಚಿದ್ರ 80ರ ಆಸುಪಾಸು ತೋರಿಸ್ತು, ಮಶೀನ್ ಕೆಟ್ಟೈತಿ ಅಂದ್ವಿ, ಯಾಕಂದ್ರ ಅವರಿಗೆ ದಮ್ಮ ಹತ್ತಿರಲಿಲ್ಲ. ಬೆಡ್ ಸಿಗೂದ್ರಾಗ ತಡ ಆತು. ಅಷ್ಟು ಆರಾಮಿದ್ದವರಿಗೆ ಒಮ್ಮೆಲೇ ಹಂಗ್ಯಾಕ ಆತು ಅನ್ನೋದು ನನಗ ಇವತ್ತಿಗೂ ತಿಳಿದಿಲ್ಲ. ಯಾರರ ತಿಳಿಸಿ ಹೇಳ್ತೀರೇನು.

ಹುಬ್ಬಳ್ಳಿ_ಫಿಜಿಷಿಯನ್

ತಂಗೀ, ನಿಮ್ಮ ಅಪ್ಪಾರ ಸುದ್ದಿ ಓದಿ ಭಾಳ ಸಂಕಟ ಆತು. ನಾ ಆ ಎರಡನೇ ಅಲಿಯಾಗ ವಾರ್ಡಿನ್ಯಾಗ ಇದ್ದೆ, ನೀವು ಬರದಂಥಾದ್ದನ್ನ ಬೆಡ್ಡಿನಿಂದ ಬೆಡ್ಡಿಗೆ ನೋಡೀನಿ. ಮನಿಯವರು ಗಮನ ಕೊಡಲಿಲ್ಲ ಅನ್ನೋ ಮಾತ ಇದರಾಗ ಇಲ್ಲ, ಇದು ಆ ಜಡ್ಡಿನ ನಡಾವಳಿನ.

ಮದಲಿನ ವಾರ ವೈರಸ್ಸಿಂದು. ಮೂಗು ಗಂಟಲದಾಗ ಬೆಳೀತೈತಿ, ಭಾಳ ಮಂದಿಗೆ ಅಲ್ಲೇ ಮುಗೀತೈತಿ. ಕೆಲವರಿಗೆ ಕೆಳಗ ಗಾಳಿಚೀಲಕ್ಕ ಇಳೀತೈತಿ. ಅಲ್ಲಿ ಟೈಪ್-2 ಅನ್ನೋ ಕೋಶ ಅದಾವ, ಗಾಳಿಚೀಲ ಕುಸೀದಂಗ ಕಾಯೋ ಒಂದು ದ್ರವಾನ ಅವು ತಯಾರಸ್ತಾವ, ಎಸಿಇ-2 ಇರೋದೂ ಅವುಗಳ ಮ್ಯಾಲೆನ. ಅವು ಸತ್ರ ಗಾಳಿಚೀಲ ಕುಸೀಲಿಕ್ಕ ಶುರು. ವೈರಸ್ಸು ಮದಲ ನಮ್ಮ ಕೋಶದ ಎಚ್ಚರಿಕೆ, ಇಂಟರ್ಫೆರಾನ್ ಅಂತೀವಲ್ಲ, ಅದನ್ನ ತಡಾ ಮಾಡಿ ಇಟ್ಟಿರ್ತೈತಿ. ತಡಾ ಆಗಿ ಎದ್ದ ಮೈಯ ರಕ್ಷಣೆ ಎರಡನೇ ವಾರದಾಗ ಹದ್ದ ಮೀರಿ ತನ್ನ ಎಲ್ಲಾ ಕಾವಲು ಕೋಶಾನೂ ಪುಪ್ಪುಸಕ್ಕ ನುಗ್ಗಸ್ತೈತಿ, ಸಣ್ಣ ರಕ್ತನಾಳ ಸೋರಿ ಗಾಳಿಚೀಲದಾಗ ನೀರ ತುಂಬ್ತೈತಿ, ಅದರ ಜೋಡಿ ಸಣ್ಣ ಸಣ್ಣ ರಕ್ತಗಂಟು. ಅಷ್ಟೊತ್ತಿಗೆ ವೈರಸ್ ಕಡಿಮಿ ಆಗಿರ್ತಿತ್ತು ಖರೆ, ಹಾನಿ ಮಾಡ್ತಿದ್ದುದು ಹೆಚ್ಚಾಗಿ ನಮ್ಮದ ಉರಿಯೂತ.

ದಮ್ಮ ಯಾಕ ಹತ್ತಲಿಲ್ಲ ಅಂದ್ರ, ನಮಗ ಉಸಿರು ಕಟ್ಟಿದಂಗ ಅನಿಸೋದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ, ಆಕ್ಸಿಜನ್ ಕಡಿಮಿ ಆದಾಗ ಅಷ್ಟಲ್ಲ. ಪುಪ್ಪುಸದ ಒಂದಷ್ಟು ಭಾಗ ಹೋದ್ರೂ ಉಳಿದ ಭಾಗದಿಂದ ಕಾರ್ಬನ್ ಡೈಆಕ್ಸೈಡ್ ಸರಳ ಹೊರಗ ಹೋಗ್ತೈತಿ, ಆಕ್ಸಿಜನ್ ಅಷ್ಟ ಸರಳ ಒಳಗ ಬರಂಗಿಲ್ಲ. ಹಿಂಗಾಗಿ ಮೆದುಳಿಗೆ ತ್ರಾಸಿನ ಸುದ್ದಿ ಮುಟ್ಟಂಗಿಲ್ಲ, ಮನಷ್ಯಾ ಕುಂತು ಮಾತಾಡ್ತಿರ್ತಾನ. ನಿಮ್ಮ ಮಶೀನ್ ಬರೋಬ್ಬರಿನ ತೋರ್ಸಿತ್ತು, ಆದ್ರ ಎದುರಿಗೆ ಕುಂತ ಅಪ್ಪಾರನ್ನ ಬಿಟ್ಟು ಮಶೀನ್ ಮಾತ ಯಾರು ನಂಬತಾರ್ರಿ.

ಸ್ಟಿರಾಯ್ಡ್ ಬಗ್ಗೆನೂ ಹೇಳ್ಬೇಕು, ಯಾಕಂದ್ರ ಅದರ ಮ್ಯಾಲೆ ತಪ್ಪ ತಿಳುವಳಿಕಿ ಭಾಳ. 2020ರ ಜೂನಿನ್ಯಾಗ ಇಂಗ್ಲೆಂಡಿನ ರಿಕವರಿ ಅನ್ನೋ ಔಷಧಿ ಪ್ರಯೋಗದಿಂದ ಗೊತ್ತಾಗಿದ್ದೇನಂದ್ರ, ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಕೊಟ್ರ ವೆಂಟಿಲೇಟರ್ ಮ್ಯಾಲಿದ್ದವರ ಸಾವು ಮೂರರಾಗ ಒಂದು ಭಾಗ ಕಡಿಮಿ, ಆಕ್ಸಿಜನ್ ಮ್ಯಾಲಿದ್ದವರಿಗೆ ಐದರಾಗ ಒಂದು ಭಾಗ ಕಡಿಮಿ, ಆಕ್ಸಿಜನ್ ಬೇಕಾಗದ ಇದ್ದವರಿಗೆ ಏನೂ ಉಪಯೋಗ ಇಲ್ಲ. ಮದಲ ವಾರದಾಗ ಕೊಟ್ರ ವೈರಸ್ಸಿನ ಜೋಡಿ ಬಡದಾಡೋ ಶಕ್ತೀನ ಕುಗ್ಗಸ್ತೈತಿ, ಶುಗರ್ ಇದ್ದವರಿಗೆ ಇನ್ನೂ ಏರಿಸ್ತೈತಿ, ಬ್ಲ್ಯಾಕ್ ಫಂಗಸ್ಸಿಗೆ ಅದೂ ಒಂದು ಕಾರಣ. ಜ್ವರ ಬಂದ ಮರುದಿನನ ಯಾರೋ ಬರಕೊಟ್ಟ ಚೀಟಿ ನೋಡಿ ಗುಳಗಿ ತಿಂದು ಬಂದವರನ್ನ ಕಂಡು ಎದಿ ಒಡದು ಹೋಗ್ತಿತ್ತು.

ರಾಣೇಬೆನ್ನೂರು_ಲೇಯರ್

ಎಲ್ಲಾರಿಗೂ ಶರಣ್ರಿ, ಇಷ್ಟು ಬಿಡಿಸಿ ಹೇಳಿದ್ದಕ್ಕ. ನವಲಗುಂದದ ತಂಗಿಗೆ ದೇವರು ಶಕ್ತಿ ಕೊಡ್ಲಿ. ಒಂದ ಪ್ರಶ್ನಿ ಉಳೀತ್ರಿ ಮೇಡಂ, ಐಬಿಯಾಗ ನಮಗ ಬರೋ ದೊಡ್ಡ ತಕರಾರು ಏನಂದ್ರ ಒಂದು ತಳಿ ಲಸಿಕಿ ಹಾಕಿರ್ತೀವಿ, ಬ್ಯಾರೆ ತಳಿ ಬಂದು ತತ್ತಿ ಕಡಿಮಿ ಆಗಿಬಿಡ್ತಾವ, ಸಿಪ್ಪಿ ಸುಕ್ಕು ಸುಕ್ಕು, ಒಳಗಿನ ಬಿಳಿ ನೀರ ನೀರ. ಕೋವಿಡ್ ಲಸಿಕಿ ಎರಡು ಡೋಸ್ ಹಾಕಿಸ್ಕೊಂಡವರಿಗೂ ಓಮಿಕ್ರಾನ್ ಬಂತಲ್ಲ, ಅದೂ ಇದ ಲೆಕ್ಕಾನ ಏನ್ರಿ? ಹಂಗಾದ್ರ ಲಸಿಕಿ ಹಾಕಿಸ್ಕೊಂಡಿದ್ದು ದಂಡ ಅನ್ನೋರಿಗೆ ಏನ್ ಹೇಳೋದು?

ಧಾರವಾಡ_ಮೈಕ್ರೋಬಯಾಲಜಿ

ಅರ್ಧ ಇದ ಲೆಕ್ಕ ಸರ, ಇನ್ನರ್ಧ ಬ್ಯಾರೆ ಅದ. ತಿದ್ದೂ ಕಿಣ್ವ ಇದ್ರೂ ಕೆಲವು ತಪ್ಪು ಉಳೀತಾವ, ಕೋಟಿಗಟ್ಲೆ ಮಂದಿಯಾಗ ಬೆಳದಾಗ ಆ ಉಳಿದ ತಪ್ಪಿನಾಗ ಯಾವದು ವೈರಸ್ಸಿಗೆ ಅನುಕೂಲನೋ ಅದು ಮುಂದ ಬರ್ತದ. 2021ರ ಡೆಲ್ಟಾ ತಳಿಯಾಗ ಆ ಫ್ಯೂರಿನ್ ಕತ್ತರಿಸೂ ಜಾಗದ ಬಾಜೂಕನ ಒಂದು ಬದಲಾವಣಿ ಇತ್ತು, ಸ್ಪೈಕ್ ಇನ್ನಷ್ಟು ಸರಳ ಕತ್ತರಿಸತಿತ್ತು. 2021ರ ನವೆಂಬರಿನಾಗ ದಕ್ಷಿಣ ಆಫ್ರಿಕಾದವರು ತಿಳಿಸಿದ ಓಮಿಕ್ರಾನಿನ ಸ್ಪೈಕ್ ಒಂದರಾಗ 30ಕ್ಕೂ ಹೆಚ್ಚು ಬದಲಾವಣಿ, ನಮ್ಮ ದೇಶದ ಮದಲಿನ ಎರಡು ಪ್ರಕರಣ ಡಿಸೆಂಬರ್ 2ಕ್ಕ ಬೆಂಗಳೂರಿಂದನ ವರದಿ ಆದ್ವು. ಹಳೇ ಸ್ಪೈಕ್ ನೋಡಿ ತಯಾರಾದ ಆಂಟಿಬಾಡಿ ಇದರ ಮ್ಯಾಲೆ ಬರೋಬ್ಬರಿ ಕೂಡಲಿಲ್ಲ, ಇದು ನಿಮ್ಮ ಐಬಿ ತಳಿ ಲೆಕ್ಕ. ಮತ್ತ ಓಮಿಕ್ರಾನು ಟಿಎಂಪಿಆರ್‌ಎಸ್‌ಎಸ್-2 ದಾರಿ ಬಿಟ್ಟು ಆ ಗುಳ್ಳಿ ದಾರೀನ ಹೆಚ್ಚ ಹಿಡೀತು, ಹಿಂಗಾಗಿ ಮ್ಯಾಲಿನ ಶ್ವಾಸನಾಳದಾಗ ಡೆಲ್ಟಾಕ್ಕಿಂತ ಭಾಳ ಜೋರ ಬೆಳೀತು, ಪುಪ್ಪುಸದಾಗ ಕಡಿಮಿ ಬೆಳೀತು. ಲಗೂ ಹರಡೂದು, ಪುಪ್ಪುಸಕ್ಕ ಕಡಿಮಿ ಇಳಿಯೂದು ಎರಡೂ ಇದರಿಂದ ತಿಳೀತದ.

ಇನ್ನರ್ಧ ಏನಂದ್ರ, ತೋಳಿಗೆ ಚುಚ್ಚಿದ ಲಸಿಕಿಯಿಂದ ಆಂಟಿಬಾಡಿ ತುಂಬೂದು ರಕ್ತದಾಗ, ಮೂಗಿನ ಒಳಪದರದ ಮ್ಯಾಲೆ ಕಡಿಮಿ. ನಿಮ್ಮ ಐಬಿ ಲಸಿಕಿ ಕಣ್ಣಿನ ಹನಿಯಿಂದ, ನೀರಿನಿಂದ ನೇರ ಅದ ದಾರಿಗೆ ಹೋಗಿ ಅಲ್ಲೇ ಕಾವಲು ಹುಟ್ಟಸ್ತದ. ನಮ್ಮ ಲಸಿಕಿ ಮೂಗಿನಾಗ ವೈರಸ್ ಹತ್ತೂದನ್ನ ಪೂರಾ ತಡೀಲಿಲ್ಲ, ಕೆಲವು ತಿಂಗಳಿಗೆ ಆಂಟಿಬಾಡಿ ಇಳದ ಮ್ಯಾಲಂತೂ ಇನ್ನೂ ಕಡಿಮಿ. ಆದ್ರ ಕೆಳಗ ಪುಪ್ಪುಸಕ್ಕ ಇಳಿಯೂದ್ರಾಗ ರಕ್ತದ ಆಂಟಿಬಾಡಿ, ಅದರ ಜೋಡಿ ಟಿ-ಕೋಶ ಎದ್ದು ನಿಲ್ಲತಾವ. ಟಿ-ಕೋಶ ಸ್ಪೈಕಿನ ಹೊರ ಆಕಾರ ನೋಡೂದಿಲ್ಲ, ಕೋಶದೊಳಗ ತುಂಡಾದ ವೈರಸ್ ಪ್ರೋಟೀನಿನ ಚೂರು ನೋಡಿ ಹತ್ತಿದ ಕೋಶಾನ ಕೊಲ್ಲತಾವ, ಆ ಚೂರಿನಾಗ ಭಾಳಷ್ಟು ಓಮಿಕ್ರಾನಿನಾಗೂ ಮದಲಿನಂಗ ಇದ್ವು. ಅದಕ್ಕ ನೆಗಡಿ ಬಂತು, ವೆಂಟಿಲೇಟರ್ ತನಕ ಹೋದವರು ಕಡಿಮಿ. ಕೋವಿಶೀಲ್ಡಿನಾಗ ಇದ್ದದ್ದು ಚಿಂಪಾಂಜಿಯ ಬ್ಯಾರೆ ಒಂದು ವೈರಸ್ಸಿನ ಮ್ಯಾಲೆ ಹಚ್ಚಿ ಕಳಿಸಿದ ಸ್ಪೈಕಿನ ಜೀನು, ಕೋವ್ಯಾಕ್ಸಿನ್ನಿನಾಗ ಸಾಯಿಸಿದ ಇಡೀ ಕೋವಿಡ್ ವೈರಸ್ಸು. ತಯಾರಸೂ ರೀತಿ ಬ್ಯಾರೆ, ಆದ್ರ ಎರಡರ ಗುರೀನೂ ಅದ, ಜಡ್ಡು ಪುಪ್ಪುಸಕ್ಕ ಇಳೀದಂಗ ನೋಡೂದು.

ದಂಡ ಅನ್ನೋರಿಗೆ ಅವರ ಮನ್ಯಾಗಿನ ವಯಸ್ಸಾದವರನ್ನ ತೋರಸ್ರಿ. ಅರವತ್ತು ದಾಟಿದವರು, ಶುಗರ್ ಇದ್ದವರು, ಕಿಡ್ನಿ ತ್ರಾಸಿನವರು ಇದ್ರ ನೆಗಡಿ ಹತ್ತಿದ ಮಂದಿ ಅವರ ಹತ್ರ ಹೋಗೂವಾಗ ಮಾಸ್ಕ್ ಹಾಕ್ಕೊಳ್ಳಿ, ಖೋಲಿ ಕಿಟಕಿ ತಗದಿಡ್ರಿ. ಜ್ವರ ಬಂದು ವಾರ ಆಗೂ ಹೊತ್ತಿಗೆ ಅವರ ಬೆರಳಿಗೆ ದಿನಾ ಆಕ್ಸಿಮೀಟರ್ ಹಚ್ಚಿ ನೋಡ್ರಿ, 94ಕ್ಕಿಂತ ಕೆಳಗ ಬಂದ್ರ ಅವರು ಎಷ್ಟ ಆರಾಮಿದ್ದೀನಿ ಅಂದ್ರೂ ದವಾಖಾನಿಗೆ ಕರಕೊಂಡು ಹೋಗ್ರಿ.